ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಯಾನ: ದೂರವೆಷ್ಟು, ಹೊತ್ತೆಷ್ಟು?

ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಆಕಾಶಮಾರ್ಗದಲ್ಲಿ ಎಷ್ಟು ದೂರ? ಎಷ್ಟು ಗಂಟೆಗಳ ಪ್ರಯಾಣ? ಮಕ್ಕಳು, ಮೊಮ್ಮಕ್ಕಳು ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ರಾಜ್ಯದ ಸಾವಿರಾರು ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರ ಒಂದೇ: ಸುಮಾರು 13,990 ಕಿಲೋಮೀಟರ್. ಎರಡನೆಯದಕ್ಕೆ ಮಾತ್ರ ಒಂದೇ ಉತ್ತರವಿಲ್ಲ. ಎಲ್ಲಿಯೂ ನಿಲ್ಲದೆ ಹಾರಿದರೆ 16ರಿಂದ 17 ಗಂಟೆ ಅಥವಾ ತುಸು ಹೆಚ್ಚು. ನಡುವೆ ವಿಮಾನ ಬದಲಿಸಿದರೆ 20ರಿಂದ 25 ಗಂಟೆ, ಕೆಲವೊಮ್ಮೆ ಅದಕ್ಕೂ ಅಧಿಕ. ದೂರವನ್ನು ಭೂಮಿಯ ಆಕಾರ ನಿರ್ಧರಿಸುತ್ತದೆ. ಹೊತ್ತನ್ನಾದರೋ ಗಾಳಿ, ಇಂಧನ ಮತ್ತು ದೇಶದೇಶಗಳ ನಡುವಣ ಸಂಬಂಧಗಳು ಸೇರಿ ನಿರ್ಧರಿಸುತ್ತವೆ.

ನೆತ್ತಿಯ ಮೇಲಿನ ದಾರಿ

ಶಾಲೆಯ ಗೋಡೆಯ ಮೇಲಿನ ಭೂಪಟವನ್ನು ನೋಡಿದವರಿಗೆ ಅಮೆರಿಕವು ಪಶ್ಚಿಮದ ಅಂಚಿನಲ್ಲಿ, ಅರಬ್ಬೀ ಸಮುದ್ರ, ಯೂರೋಪು, ಅಟ್ಲಾಂಟಿಕ್ ಸಾಗರಗಳ ಆಚೆ ಇರುವಂತೆ ತೋರುತ್ತದೆ. ಸಮತಲ ಭೂಪಟ ಕಣ್ಣಿಗೆ ಮಾಡುವ ಮೋಸವಿದು. ಭೂಮಿ ಗೋಳ. ಗೋಳದ ಮೇಲೆ ಎರಡು ಸ್ಥಳಗಳ ನಡುವಣ ಅತಿ ಸಮೀಪದ ದಾರಿಯನ್ನು ಕಾಣಬೇಕಾದರೆ ಭೂಗೋಳದ ಮಾದರಿಯ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಆ ದಾರ ಹಾದುಹೋಗುವ ರೇಖೆಗೆ ಮಹಾವೃತ್ತ ಎಂದು ಹೆಸರು.

ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಇರುವುದು 37.6 ಡಿಗ್ರಿ ಉತ್ತರ ಅಕ್ಷಾಂಶ, 122.4 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ. ಇವೆರಡರ ನಡುವೆ ಪಶ್ಚಿಮಾಭಿಮುಖವಾಗಿ 200 ಡಿಗ್ರಿ ಅಂತರವಿದ್ದರೆ, ಪೂರ್ವಾಭಿಮುಖವಾಗಿ 160 ಡಿಗ್ರಿ ಮಾತ್ರ. ಅಂದರೆ ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೊ ಸಮೀಪವಾಗುವುದು ಪೂರ್ವದ ಕಡೆಯಿಂದಲೇ!

ದಾರದ ಜಾಡು ಹೀಗಿರುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ತೆಲಂಗಾಣ, ಛತ್ತೀಸಗಢಗಳನ್ನು ದಾಟಿ ನೇಪಾಳದ ಹಿಮಾಲಯ. ಅಲ್ಲಿಂದ ಟಿಬೆಟ್, ಮಂಗೋಲಿಯ, ಸೈಬೀರಿಯ. ಸೈಬೀರಿಯದ ಪೂರ್ವ ತುದಿಯ ಹಿಮಸಾಗರದಲ್ಲಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿದ ಬಳಿಕ ದಾರಿ ದಕ್ಷಿಣಕ್ಕೆ ಹೊರಳುತ್ತದೆ. ಮುಂದೆ ಅಲಾಸ್ಕ, ಪೆಸಿಫಿಕ್ ಸಾಗರ, ಕೊನೆಗೆ ಕ್ಯಾಲಿಫೋರ್ನಿಯ. ಭೂಮಿಯ ಮೇಲೆ ಯಾವುದೇ ಎರಡು ಸ್ಥಳಗಳ ನಡುವೆ ಸುಮಾರು 20,000 ಕಿ.ಮೀ.ಗಿಂತ ಹೆಚ್ಚಿನ ಅಂತರ ಇರಲಾರದು ಎಂಬುದನ್ನು ನೆನೆದರೆ, ಈ ಎರಡು ನಗರಗಳು ಗೋಳದ ಬಹುತೇಕ ಎದುರುಬದುರು ಬದಿಗಳಲ್ಲಿ ಇವೆಯೆಂಬುದು ಮನದಟ್ಟಾಗುತ್ತದೆ.

ದಾರದಂತೆ ಹಾರದ ವಿಮಾನ

ಗಣಿತದ ಈ ದಾರಿಯಲ್ಲಿ ವಿಮಾನಗಳು ಯಥಾವತ್ತಾಗಿ ಹಾರುವುದಿಲ್ಲ. ಅದಕ್ಕೆ ಮೊದಲ ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ಹಾರಾಟದ ನಡುವೆ ವಿಮಾನದೊಳಗಿನ ವಾಯು ಒತ್ತಡ ಕುಸಿದರೆ, ಜನರು ಸಹಜವಾಗಿ ಉಸಿರಾಡಬಹುದಾದ ಸುಮಾರು 3,000 ಮೀಟರ್ ಎತ್ತರಕ್ಕೆ ಪೈಲಟ್ ವಿಮಾನವನ್ನು ಬೇಗನೆ ಇಳಿಸಬೇಕಾಗುತ್ತದೆ. ಪ್ರಯಾಣಿಕರ ತಲೆಯ ಮೇಲಿನಿಂದ ಇಳಿಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಒದಗುವುದು ಕೆಲವೇ ನಿಮಿಷಗಳ ಕಾಲ. ಟಿಬೆಟ್‌ನಲ್ಲಿ ನೆಲವೇ 4,000 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಹಾಗೆ ಇಳಿಯಲು ಎಡೆಯಿಲ್ಲ. ಆದಕಾರಣ ಬಹುಪಾಲು ವಿಮಾನಗಳು ಅದನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು, ಇಳಿದಾಣಗಳ ಪ್ರಶ್ನೆ. ಎರಡು ಎಂಜಿನ್‌ಗಳ ವಿಮಾನವು ಒಂದು ಎಂಜಿನ್ ಕೈಕೊಟ್ಟರೂ ನಿಗದಿತ ಅವಧಿಯೊಳಗೆ ತಲುಪಬಹುದಾದ ಇಳಿದಾಣ ಇರುವಂತೆ ದಾರಿಯನ್ನು ಯೋಜಿಸಬೇಕೆಂಬುದು ನಿಯಮ. ಇದು ಕೇವಲ ಕಾಗದದ ಮೇಲಿನ ಎಚ್ಚರಿಕೆಯಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಎಂಜಿನ್ ತೊಂದರೆಯಿಂದಾಗಿ ರಷ್ಯದ ಪೂರ್ವಭಾಗದ ಮಗದಾನ್ ಪಟ್ಟಣದಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ 216 ಪ್ರಯಾಣಿಕರು ಬದಲಿ ವಿಮಾನದಲ್ಲಿ ಅಮೆರಿಕ ತಲುಪಿದ್ದು ಜೂನ್ 8ರಂದು.

ಇನ್ನು ಧ್ರುವ ಮಾರ್ಗ. ಉತ್ತರ ಧ್ರುವದ ನೇರ ಮೇಲಿನಿಂದಲೇ ಹಾರಿದರೂ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಅಂತರ ಸುಮಾರು 14,370 ಕಿ.ಮೀ. ಆಗುತ್ತದೆ, ಮಹಾವೃತ್ತಕ್ಕಿಂತ ಹೆಚ್ಚಾಗುವುದು 400 ಕಿ.ಮೀ.ಗೂ ಕಡಿಮೆ. ಆದರೆ ಅಲ್ಲಿ ಅಯಸ್ಕಾಂತ ದಿಕ್ಸೂಚಿಯನ್ನು ನಂಬಲಾಗದು. ರೇಡಿಯೊ ಸಂಪರ್ಕ ದುರ್ಬಲ. ಹೊರಗಿನ ಚಳಿ ಎಷ್ಟೆಂದರೆ ಇಂಧನದ ಉಷ್ಣತೆಯ ಮೇಲೂ ಕಣ್ಣಿಟ್ಟಿರಬೇಕು. ವಿಮಾನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜೆಟ್ ಎ-1 ಇಂಧನದ ಘನೀಕರಣ ಮಿತಿ ಮೈನಸ್ 47 ಡಿಗ್ರಿ ಸೆಲ್ಸಿಯಸ್. ಧ್ರುವ ಪ್ರದೇಶದ ಮೇಲಣ ಗಾಳಿ ಇದಕ್ಕಿಂತ ತಣ್ಣಗಿರುವುದುಂಟು.

ಬೆಂಗಳೂರಿನ ಮೊದಲ ನೇರ ಹಾರಾಟ

ಬೆಂಗಳೂರು ಮತ್ತು ಅಮೆರಿಕದ ನಡುವೆ ಎಲ್ಲಿಯೂ ನಿಲ್ಲದ ಮೊದಲ ಪ್ರಯಾಣಿಕ ಸೇವೆ ಆರಂಭವಾದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಬೋಯಿಂಗ್ 777-200 ಎಲ್‌ಆರ್ ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲಿನಿಂದ ಹಾರಿ, ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವಣೆ ಮತ್ತು ಶಿವಾನಿ ಮನ್ಹಾಸ್ ವಿಮಾನವನ್ನು ನಡೆಸಿದರು. ಚಾಲಕ ಕೋಣೆಯಲ್ಲಿದ್ದವರೆಲ್ಲರೂ ಮಹಿಳೆಯರೇ ಎಂಬುದು ಅಂದು ದೇಶದ ಗಮನ ಸೆಳೆದಿತ್ತು.

ಇಷ್ಟು ದೂರ ಹಾರಲು ಎಲ್ಲ ವಿಮಾನಗಳಿಗೂ ಸಾಧ್ಯವಿಲ್ಲ. ಈ ಮಾದರಿಯ ವಿಮಾನದ ಗರಿಷ್ಠ ವ್ಯಾಪ್ತಿ ಸುಮಾರು 15,840 ಕಿ.ಮೀ.; ಇಂಧನ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್ ಹಿಡಿಯುತ್ತದೆ. 2005ರ ನವೆಂಬರಿನಲ್ಲಿ ಇದೇ ಮಾದರಿಯ ವಿಮಾನ ಹಾಂಕಾಂಗ್‌ನಿಂದ ಪೂರ್ವಾಭಿಮುಖವಾಗಿ ಲಂಡನ್‌ವರೆಗೆ 21,602 ಕಿ.ಮೀ. ದೂರವನ್ನು ಎಲ್ಲಿಯೂ ಇಳಿಯದೆ 22 ಗಂಟೆ 42 ನಿಮಿಷಗಳಲ್ಲಿ ಕ್ರಮಿಸಿ ದಾಖಲೆ ಮಾಡಿತ್ತು. ಆದರೆ ಅದು ದಾಖಲೆಗಾಗಿಯೇ ಸಜ್ಜುಗೊಳಿಸಿದ, ಬೆರಳೆಣಿಕೆಯ ಜನರಿದ್ದ ಹಾರಾಟ. ದಿನನಿತ್ಯದ ಸೇವೆಯ ಲೆಕ್ಕವೇ ಬೇರೆ. ಇಂಧನ ಹೊರಲಿಕ್ಕೂ ಇಂಧನ ಬೇಕು. ದೂರ ಹೆಚ್ಚಿದಷ್ಟೂ ಇಂಧನದ ಭಾರ ಹೆಚ್ಚಿ, ಪ್ರಯಾಣಿಕರ ಮತ್ತು ಸರಕಿನ ಭಾರವನ್ನು ತಗ್ಗಿಸಬೇಕಾಗುತ್ತದೆ. ಅತಿ ದೂರದ ನೇರ ಸೇವೆಗಳು ಆರಂಭವಾಗುವುದು, ನಿಲ್ಲುವುದು, ಮತ್ತೆ ಆರಂಭವಾಗುವುದು ಈ ಕಾರಣದಿಂದಲೇ ಹೆಚ್ಚು. ಬೆಂಗಳೂರಿನ ಸೇವೆಯೂ ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ಪುನಃ ಆರಂಭವಾಗಿತ್ತು. ಆದ್ದರಿಂದ ತಾವು ಹೊರಡುವ ತಿಂಗಳಿನಲ್ಲಿ ನೇರ ವಿಮಾನ ಇದೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ.

ಗಾಳಿ ತಂದುಕೊಡುವ ಗಂಟೆಗಳು

ಜೆಟ್ ವಿಮಾನದ ಸಾಮಾನ್ಯ ವೇಗ ಗಂಟೆಗೆ ಸುಮಾರು 900 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 13,990 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ ಸಾಕು. ಇಡೀ ದಾರಿಯಲ್ಲಿ ಸರಾಸರಿ 50 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಹದಿನಾಲ್ಕೂಮುಕ್ಕಾಲು ಗಂಟೆ. ಅದೇ ಗಾಳಿ ಎದುರಾದರೆ ಹದಿನಾರೂವರೆ ಗಂಟೆ. ವಿಮಾನವೂ ಅದೇ, ದಾರಿಯೂ ಅದೇ. ಆದರೂ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ!

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪಬೇಕಲ್ಲವೇ ಎಂದು ಕೇಳುವವರುಂಟು. ಭೂಮಿಯೊಡನೆ ವಾಯುಮಂಡಲವೂ, ಅದರೊಳಗಿನ ವಿಮಾನವೂ ತಿರುಗುತ್ತಿರುವುದರಿಂದ ಹಾಗಾಗುವುದಿಲ್ಲ. ಪರಿಣಾಮ ಬೀರುವುದು ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊನಲು. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಈ ಗಾಳಿ ಚಳಿಗಾಲದಲ್ಲಿ ಪ್ರಬಲವಾಗಿ, ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ವೇಗವನ್ನೂ ಮೀರುತ್ತದೆ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಗುರುತಿಸಿದ್ದರು. ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಜಗತ್ತು ಅದನ್ನು ಬಹುಕಾಲ ಗಮನಿಸಲೇ ಇಲ್ಲ.

ಈ ಗಾಳಿಯ ಬೆಲೆಯೇನೆಂಬುದಕ್ಕೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಸೇವೆಯೇ ಉತ್ತಮ ನಿದರ್ಶನ. ಮೊದಲು ಅಟ್ಲಾಂಟಿಕ್ ಮೇಲಿನಿಂದ ಸುಮಾರು 13,900 ಕಿ.ಮೀ. ಹಾರುತ್ತಿದ್ದ ಏರ್ ಇಂಡಿಯಾ ವಿಮಾನವನ್ನು 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಮಾರ್ಗಕ್ಕೆ ತಿರುಗಿಸಲಾಯಿತು. ದಾರಿ ಸುಮಾರು 15,300 ಕಿ.ಮೀ.ಗೆ ಏರಿತು, ಪ್ರಯಾಣದ ಅವಧಿ ಮಾತ್ರ ಸುಮಾರು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಬೆನ್ನಿಗೆ ಬೀಸುವ ಗಾಳಿಯಿಂದಾಗಿ 1,400 ಕಿ.ಮೀ. ಹೆಚ್ಚು ಹಾರಿದ ವಿಮಾನವೇ ಬೇಗ ತಲುಪಿತು.

ಆಕಾಶಕ್ಕೂ ಇರುವ ಬೇಲಿ

1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯ ಪ್ರಕಾರ ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ಹಾದುಹೋಗಲು ಅನುಮತಿ ಬೇಕು, ಶುಲ್ಕ ತೆರಬೇಕು. ಸಂಬಂಧ ಹಳಸಿದರೆ ಬಾಗಿಲು ಮುಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಾಳಿ ನಡೆಸಿದ ಬಳಿಕ ಯೂರೋಪಿನ ರಾಷ್ಟ್ರಗಳು, ಕೆನಡ ಮತ್ತು ಅಮೆರಿಕ ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ರಷ್ಯವೂ ಅವುಗಳ ವಿಮಾನಗಳಿಗೆ ಹಾಗೆಯೇ ಮಾಡಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಅದುವರೆಗೆ 9 ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ ಒಮ್ಮೆಲೇ 13 ಗಂಟೆಗೆ ಏರಿತು. ಬೆಂಗಳೂರಿಗೂ ಇದರ ಬಿಸಿ ತಟ್ಟಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2020ರಲ್ಲಿ ಪ್ರಕಟಿಸಿದ್ದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಸೇವೆ ಹಲವು ಸಲ ಮುಂದೂಡಲ್ಪಟ್ಟು, ಕೊನೆಗೆ ಆರಂಭವಾಗಲೇ ಇಲ್ಲ. ಮಹಾವೃತ್ತದ ಉದ್ದದ ಗಣನೀಯ ಭಾಗ ಹಾದುಹೋಗುವುದು ರಷ್ಯದ ಮೇಲೆ ಎಂಬುದನ್ನು ಗಮನಿಸಿದರೆ ಕಾರಣ ಸ್ಪಷ್ಟ.

ಭಾರತದ ವಿಮಾನಗಳಿಗೆ ರಷ್ಯದ ಬಾಗಿಲು ಆಗ ಮುಚ್ಚಲಿಲ್ಲ. ಆದರೆ ಮನೆಯ ಪಕ್ಕದ ಬಾಗಿಲು ಮುಚ್ಚಿದ್ದುಂಟು. 2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ, ಮತ್ತೆ 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳು ಸುತ್ತುಬಳಸಿನ ದಾರಿ ಹಿಡಿಯಬೇಕಾಯಿತು. ಟಿಕೆಟ್‌ನಲ್ಲಿ ಮುದ್ರಿತವಾದ ಗಂಟೆಗಳು ರಾಜಧಾನಿಗಳಲ್ಲಿ ನಡೆಯುವ ನಿರ್ಧಾರಗಳಿಗೂ ಬದ್ಧ.

ದಾರಿಯಲ್ಲಿ ಇಳಿದು ಹತ್ತುವುದಾದರೆ

ನೇರ ವಿಮಾನ ದೊರೆಯದವರಿಗೆ ಹಲವು ದಾರಿಗಳಿವೆ. ಮಹಾವೃತ್ತದ ಲೆಕ್ಕದಲ್ಲಿ ಅವುಗಳ ಒಟ್ಟು ದೂರ ಸುಮಾರಾಗಿ ಹೀಗಿದೆ:

ದೆಹಲಿ ಮೂಲಕ: 1,710 + 12,380 = 14,090 ಕಿ.ಮೀ.
ದುಬೈ ಮೂಲಕ: 2,700 + 13,040 = 15,740 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = 16,550 ಕಿ.ಮೀ.
ಸಿಂಗಪುರ ಮೂಲಕ: 3,180 + 13,590 = 16,770 ಕಿ.ಮೀ.

ದೆಹಲಿಯಲ್ಲಿ ಇಳಿದು ಹೋದರೆ ದೂರ ಹೆಚ್ಚುವುದು ಕೇವಲ 100 ಕಿ.ಮೀ. ಎಂಬುದು ಕುತೂಹಲಕರ. ದೆಹಲಿ ಬಹುಮಟ್ಟಿಗೆ ದಾರಿಯಲ್ಲಿಯೇ ಇದೆ! ಆದರೂ ಪ್ರಯಾಣ ಹಲವು ಗಂಟೆಗಳಷ್ಟು ಹಿಗ್ಗುತ್ತದೆ. ಏಕೆಂದರೆ ಇಲ್ಲಿ ಹೊತ್ತು ವ್ಯಯವಾಗುವುದು ಆಕಾಶದಲ್ಲಲ್ಲ, ನೆಲದ ಮೇಲೆ. ಕೆಳಗಿಳಿಯುವುದು, ನಿಲ್ದಾಣ ಸೇರುವುದು, ತಪಾಸಣೆ, ಮುಂದಿನ ವಿಮಾನಕ್ಕಾಗಿ ಕಾಯುವುದು, ಮತ್ತೆ ಮೇಲೇರುವುದು. ದೂರದ ಪಟ್ಟಿಯನ್ನು ನೋಡಿ ಮಾರ್ಗ ಆರಿಸುವುದಕ್ಕಿಂತ ಸಂಪರ್ಕ ನಿಲ್ದಾಣದಲ್ಲಿ ಕಾಯಬೇಕಾದ ಅವಧಿಯನ್ನು ನೋಡಿ ಆರಿಸುವುದು ಲೇಸು. ಒಂದೂವರೆ ಗಂಟೆಗಿಂತ ಕಡಿಮೆ ಬಿಡುವಿದ್ದರೆ ಮೊದಲ ವಿಮಾನ ತಡವಾದಾಗ ಎರಡನೆಯದು ಕೈತಪ್ಪುವ ಭಯ. ಏಳೆಂಟು ಗಂಟೆಯಾದರೆ ವಯಸ್ಸಾದವರಿಗೆ ಕುರ್ಚಿಯಲ್ಲಿ ಕುಳಿತೇ ರಾತ್ರಿ ಕಳೆಯುವ ಸಂಕಟ. ಎರಡೂ ಹಾರಾಟಗಳನ್ನು ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸಿದ್ದರೆ ತಪ್ಪಿದ ಸಂಪರ್ಕಕ್ಕೆ ಬದಲಿ ವ್ಯವಸ್ಥೆ ಮಾಡುವ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯದು; ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಹೊಣೆ ಪ್ರಯಾಣಿಕರದೇ.

ಟಿಕೆಟ್‌ನಲ್ಲಿ ನಮೂದಿಸುವ ಅವಧಿಯ ಬಗೆಗೂ ಒಂದು ಮಾತು. ಅದು ವಿಮಾನ ನಿಲುಗಡೆಯ ಜಾಗದಿಂದ ಕದಲಿದಂದಿನಿಂದ ಮತ್ತೊಂದು ನಿಲ್ದಾಣದ ನಿಲುಗಡೆಯನ್ನು ಸೇರುವವರೆಗಿನ ಲೆಕ್ಕ. ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ನಿಜವಾದ ಹಾರಾಟದ ಅವಧಿ ಅದಕ್ಕಿಂತ ಅರ್ಧ ಗಂಟೆಯಷ್ಟು ಕಡಿಮೆ ಇರಬಹುದು.

ಕ್ಯಾಲೆಂಡರಿನ ಕಣ್ಣುಮುಚ್ಚಾಲೆ

ಬೆಂಗಳೂರಿನ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೂ ತಿರುಗಿಸುವುದೇ ಈ ವ್ಯತ್ಯಾಸಕ್ಕೆ ಕಾರಣ.

ಇದರಿಂದಾಗುವ ಗೊಂದಲ ಸಣ್ಣದಲ್ಲ. ಜನವರಿಯ ಒಂದು ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವಾಗ ಅಲ್ಲಿ ಅದೇ ಸೋಮವಾರ ಸಂಜೆ 5 ಗಂಟೆ. ಗಡಿಯಾರದ ಪ್ರಕಾರ ಕಳೆದದ್ದು ಎರಡೂವರೆ ಗಂಟೆ ಮಾತ್ರ. ಮರಳುವಾಗ ಸೋಮವಾರ ರಾತ್ರಿ ಎಂಟೂವರೆಗೆ ಹೊರಟು 17 ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವುದು ಬುಧವಾರ ಬೆಳಗಿನ ಜಾವ 3 ಗಂಟೆಗೆ. ಪ್ರಯಾಣಿಕರ ಪಾಲಿಗೆ ಮಂಗಳವಾರ ಆಕಾಶದಲ್ಲಿಯೇ ಕಳೆದುಹೋಗಿರುತ್ತದೆ. ನಿಲ್ದಾಣಕ್ಕೆ ಕರೆದೊಯ್ಯಲು ಬರುವವರು ದಿನ ತಪ್ಪುವುದು ಇಲ್ಲಿಯೇ. ಬುಧವಾರ ಬೆಳಗಿನ ಜಾವ 3 ಗಂಟೆ ಎಂದರೆ ಮನೆಯವರು ಹೊರಡಬೇಕಾದದ್ದು ಮಂಗಳವಾರ ರಾತ್ರಿಯೇ.

ಅವಸರದ ಕರೆ ಬಂದಾಗ

ಈ ಲೆಕ್ಕ ನಿಜಕ್ಕೂ ಭಾರವಾಗುವುದು ಪ್ರವಾಸದ ದಿನಗಳಲ್ಲಲ್ಲ. ಊರಿನಲ್ಲಿ ತಂದೆಯೋ ತಾಯಿಯೋ ತೀರಿಕೊಂಡ ಸುದ್ದಿ ಮುಟ್ಟಿದಾಗ ಎರಡೂ ಕಡೆಯವರು ಕೇಳುವ ಮೊದಲ ಪ್ರಶ್ನೆ, ಎಷ್ಟು ಹೊತ್ತಿಗೆ ತಲುಪಬಹುದು ಎಂಬುದು. ಸಂಸ್ಕಾರವನ್ನು ಮಗ ಅಥವಾ ಮಗಳು ಬರುವವರೆಗೆ ನಿಲ್ಲಿಸಬೇಕೇ, ಬೇಡವೇ ಎಂಬ ತೀರ್ಮಾನ ಆ ಉತ್ತರವನ್ನೇ ಅವಲಂಬಿಸಿರುತ್ತದೆ.

ಅಂಥ ಗಳಿಗೆಯಲ್ಲಿ ಹಾರಾಟದ 17 ಗಂಟೆಯನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ನಿರಾಶೆ ಖಚಿತ. ಮುಂದಿನ ವಿಮಾನ ಹೊರಡುವವರೆಗಿನ ಅವಧಿ, ನಿಲ್ದಾಣದಲ್ಲಿ ಮುಂಚಿತವಾಗಿ ಹಾಜರಿರಬೇಕಾದ ಮೂರು ಗಂಟೆ, ನಡುವಣ ನಿಲುಗಡೆ, ದೇವನಹಳ್ಳಿಯಲ್ಲಿ ಇಳಿದ ಮೇಲೆ ಊರಿಗೆ ಹೋಗುವ ರಸ್ತೆ, ಇವೆಲ್ಲವನ್ನೂ ಕೂಡಿಸಬೇಕು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಸೀಮೆಯ ಊರುಗಳಿಗಾದರೆ ರಸ್ತೆಯ ದಾರಿಯೇ ಇನ್ನೂ ಆರರಿಂದ ಹತ್ತು ಗಂಟೆ. ಎಲ್ಲವೂ ಕೂಡಿಬಂದರೂ ಒಂದೂವರೆ ದಿನಕ್ಕಿಂತ ಮುಂಚೆ ತಲುಪುವುದು ದುಸ್ತರ. ಎರಡು ದಿನ ಎಂದು ಹಿಡಿಯುವುದು ವಾಸ್ತವಕ್ಕೆ ಹತ್ತಿರ. ಹೊರಡುವವರು ಗಂಟೆಗಳ ಬದಲು ಭಾರತದ ದಿನಾಂಕ ಮತ್ತು ಸಮಯವನ್ನೇ ಮನೆಗೆ ತಿಳಿಸಿದರೆ ಹಿರಿಯರು ತೀರ್ಮಾನ ಕೈಗೊಳ್ಳುವುದು ಸುಲಭ. ಅಮೆರಿಕದ ಪೌರತ್ವ ಪಡೆದವರು ತಮ್ಮ ಪಾಸ್‌ಪೋರ್ಟ್ ಮತ್ತು ಸಾಗರೋತ್ತರ ಭಾರತೀಯ ಪೌರರ ಕಾರ್ಡು, ವೀಸಾದ ಮೇಲಿರುವವರು ಮರಳಿ ಹೋಗಲು ಅಗತ್ಯವಾದ ಕಾಗದಪತ್ರಗಳು ಸದಾ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಒಳಿತು. ಆ ಹೊತ್ತಿನಲ್ಲಿ ವಿಮಾನಕ್ಕಿಂತ ಹೆಚ್ಚಾಗಿ ಜನರನ್ನು ತಡೆಯುವುದು ಕಾಗದಗಳೇ.

ಪ್ರಯಾಣಿಕರ ಗಮನಕ್ಕೆ

ಮಕ್ಕಳ ಬಳಿಗೆ ಮೊದಲ ಬಾರಿಗೆ ಹೊರಟಿರುವ ಹಿರಿಯರು 16 ಗಂಟೆ ಒಂದೇ ಆಸನದಲ್ಲಿ ಅಲುಗಾಡದೆ ಕೂರುವುದು ಸಲ್ಲದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಾಲ್ಕು ಗಂಟೆಗಿಂತ ದೀರ್ಘವಾದ ಪ್ರಯಾಣಗಳಲ್ಲಿ ಹೆಚ್ಚುತ್ತದೆ. ಆಗಾಗ ಎದ್ದು ನಡೆಯುವುದು, ಕುಳಿತಲ್ಲಿಯೇ ಪಾದಗಳನ್ನು ಆಡಿಸುವುದು, ಸಾಕಷ್ಟು ನೀರು ಕುಡಿಯುವುದು ಒಳ್ಳೆಯದು. ಇನ್ಸುಲಿನ್ ಅಥವಾ ಹೊತ್ತುಹೊತ್ತಿನ ಮಾತ್ರೆ ತೆಗೆದುಕೊಳ್ಳುವವರು ಹನ್ನೆರಡು-ಹದಿಮೂರು ಗಂಟೆಗಳ ಕಾಲವ್ಯತ್ಯಾಸಕ್ಕೆ ತಕ್ಕ ವೇಳಾಪಟ್ಟಿಯನ್ನು ವೈದ್ಯರಿಂದ ಮುಂಚಿತವಾಗಿಯೇ ಬರೆಸಿಕೊಳ್ಳಬೇಕು. ಔಷಧಗಳನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಸಂಪರ್ಕ ನಿಲ್ದಾಣದ ದೇಶವು ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಕೇಳುತ್ತದೆಯೇ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಖಚಿತಪಡಿಸಿಕೊಳ್ಳಬೇಕು. ಈ ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಗಾಲಿಕುರ್ಚಿ ಬೇಕಾದವರು ಕಾಯ್ದಿರಿಸುವ ಸಮಯದಲ್ಲಿಯೇ ವಿಮಾನ ಸಂಸ್ಥೆಗೆ ತಿಳಿಸಿದರೆ ಹೊರಡುವ, ನಡುವಣ ಮತ್ತು ಇಳಿಯುವ ನಿಲ್ದಾಣಗಳು ಮೂರರಲ್ಲಿಯೂ ನೆರವು ದೊರೆಯುತ್ತದೆ.